ಹವಾಗುಣ ಕಲಿಯಹೋದ ಸೊಸೆ

ಫ್ಯಾನು ಕೆಟ್ಟಿದ್ದರಿಂದ ನಾನು ಹವಾಗುಣ ಕಲಿಯಬೇಕಾಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಗ ನಾನು ಪುಣೆಯ ಧನಕವಡಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಇನ್ನು ಮುಂದೆ ಪರಿಸರ ಎಂಬ ವಿಷಯವನ್ನು ಎಲ್ಲ ಮಕ್ಕಳಿಗೂ ಕಲಿಸಬೇಕು ಎಂದು ಮೇಲಿನಿಂದ ಕಾಗದ ಬಂದಿತ್ತು. ಪ್ರಿನ್ಸಿಪಾಲರು ನಮ್ಮನ್ನೆಲ್ಲ ಸ್ಟಾಫ್ ರೂಮಿನಲ್ಲಿ ಕೂಡಿಸಿ, "ಇದರ ಬಗ್ಗೆ ಯಾರಿಗೆ ಆಸಕ್ತಿ ಇದೆ?" ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಕೂತಿದ್ದ ಜಾಗದ ಮೇಲಿನ ಫ್ಯಾನು ಎರಡು ವಾರದಿಂದ ನಿಂತಿತ್ತು. ಪಕ್ಕದಲ್ಲಿದ್ದ ರಸಾಯನಶಾಸ್ತ್ರದವಳ ಕಿವಿಯಲ್ಲಿ, "ಈ ವರ್ಷ ಸೆಕೆ ಬಹಳ ಜಾಸ್ತಿಯಾಗಿದೆ, ಅಲ್ಲವಾ?" ಎಂದೆ. ಮೌನದಲ್ಲಿ ಪಿಸುಮಾತೂ ದೊಡ್ಡದಾಗಿ ಕೇಳಿಸುತ್ತದೆ.

"ನೋಡಿ, ಮ್ಯಾಡಂ ಆಗಲೇ ಯೋಚನೆ ಮಾಡುತ್ತಿದ್ದಾರೆ," ಎಂದು ಪ್ರಿನ್ಸಿಪಾಲರು ನನ್ನ ಹೆಸರು ಬರೆದುಕೊಂಡರು.

ಹಾಗೆ ನನ್ನನ್ನು ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರಿನ ಕೋರ್ಸಿಗೆ ಕಳಿಸಿದರು. ವಾರಕ್ಕೆ ಮೂರು ಮಧ್ಯಾಹ್ನ. ಕೋರ್ಸಿನ ಹೆಸರು ಕ್ಲೈಮೇಟ್ ಮಾಡೆಲಿಂಗ್. ಪ್ರಿನ್ಸಿಪಾಲರಿಗೆ ಮಾಡೆಲ್ ಎಂದರೆ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳು ಮಾಡಿ ಇಡುವ ಜ್ವಾಲಾಮುಖಿ. ಹೊರಡುವ ದಿನ ನನ್ನನ್ನು ಕರೆದು, "ಥರ್ಮೋಕೋಲು, ಫೆವಿಕೋಲು ಎಲ್ಲ ನಮ್ಮ ಸ್ಟೋರಿನಲ್ಲೇ ಇದೆ, ಒಯ್ಯಿರಿ. ಸಂಕೋಚ ಬೇಡ," ಎಂದರು. ಮನೆಯಲ್ಲಿ ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಮಾಡೆಲಿಂಗ? ಈ ವಯಸ್ಸಿನಾಗ?" ಎಂದರು. ನನಗಾಗ ಮೂವತ್ತೇಳು.

ಅತ್ತೆ ಮಾತ್ರ ಗಂಭೀರವಾಗಿ ತೆಗೆದುಕೊಂಡರು. ಅವರು ಬಾಗಲಕೋಟೆ ಕಡೆಯವರು. ಮದುವೆಯಾಗಿ ಪುಣೆಗೆ ಬಂದು ನಲವತ್ತು ವರ್ಷವಾಗಿತ್ತು. ಹೊರಗೆ ಅಚ್ಚ ಮರಾಠಿ, ಒಳಗೆ ಅಚ್ಚ ಕನ್ನಡ, ಸಿಟ್ಟು ಬಂದಾಗ ಎರಡೂ. ಮೊದಲ ದಿನ ಕ್ಲಾಸು ಮುಗಿಸಿ ನಾನು ಇನ್ನೂ ಚಪ್ಪಲಿ ಬಿಡುತ್ತಿದ್ದಾಗಲೇ ಕೇಳಿದರು.

"ಏನ್ ಕಲಿಸಿದ್ರು?"

"ಹವಾದ ಲೆಕ್ಕಾ ಮಾಡೂದು ಕಲಸ್ತಾರ್ರಿ ಅತ್ತಿ. ಕಂಪ್ಯೂಟರದಾಗ."

"ಹಂಗಾದ್ರ ಛಲೋ ಆತು. ನಾಳೆ ಕೌದಿ ಒಗೀಲೇನು?"

ನಮ್ಮ ಮನೆಯಲ್ಲಿ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಆರು ಕೌದಿಗಳಿದ್ದವು. ಒಂದೊಂದೂ ನೆನೆದರೆ ಎಮ್ಮೆಯ ತೂಕ. ಜುಲೈ ತಿಂಗಳಲ್ಲಿ ಅವನ್ನು ಒಗೆಯಲು ಇಡೀ ಒಂದು ದಿನ ಮಳೆಯಿಲ್ಲದ ಆಕಾಶ ಬೇಕು. ಅದಕ್ಕಾಗಿ ಅತ್ತೆ ಮೂರು ವಾರದಿಂದ ಹೊಂಚು ಹಾಕುತ್ತಿದ್ದರು.

"ನಾಳೆದು ನಂಗ ಗೊತ್ತಾಗೂದಿಲ್ರಿ," ಎಂದೆ. "ನಾವು ಐವತ್ತು ನೂರು ವರ್ಷದ ಮ್ಯಾಲ ಸೆಕಿ ಎಷ್ಟಿರತದ, ಮಳಿ ಎಷ್ಟಿರತದ ಅಂತ ನೋಡತೇವಿ."

ಅತ್ತೆ ಕೈಯಲ್ಲಿದ್ದ ಕೌದಿಯನ್ನು ತಿರುಗಿ ಮಡಚಿದರು. "ನೂರು ವರ್ಷದ ಮ್ಯಾಲ ನಾ ಕೌದಿ ಒಗ್ಯಾಂಗಿಲ್ಲವಾ," ಎಂದು ಒಳಗೆ ಹೋದರು.

ಕ್ಲಾಸಿನಲ್ಲಿ ನಾವು ಹನ್ನೆರಡು ಮಂದಿ. ನನ್ನನ್ನು ಬಿಟ್ಟು ಎಲ್ಲರಿಗೂ ಇಪ್ಪತ್ತೆರಡು, ಇಪ್ಪತ್ತಮೂರು. ಮೊದಲ ದಿನ ನಾನು ಒಳಗೆ ಹೋದ ಕೂಡಲೇ ಎಲ್ಲರೂ ಎದ್ದು ನಿಂತು ಗುಡ್ ಆಫ್ಟರ್‌ನೂನ್ ಹೇಳಿದರು. ನಾನೂ ಅಭ್ಯಾಸಬಲದಿಂದ "ಸಿಟ್ ಡೌನ್" ಎಂದೆ. ಅವರು ಕೂತರು. ಹಾಜರಿ ಕರೆಯಬೇಕೋ ಏನೋ ಎಂದು ನಾನು ನಿಂತಿರುವಾಗ ನಿಜವಾದ ಪ್ರಾಧ್ಯಾಪಕರು ಬಂದರು. ತೆಳ್ಳಗಿನ ಮನುಷ್ಯ. ಮೈಮೇಲೆ ಸ್ವೆಟರು, ಕೈಯಲ್ಲಿ ಕೊಡೆ. ಕೊಡೆಯನ್ನು ಅವರು ಪಾಠ ಮಾಡುವಾಗಲೂ ಬಿಡುತ್ತಿರಲಿಲ್ಲ, ಅದರ ತುದಿಯಿಂದಲೇ ಬೋರ್ಡು ತೋರಿಸುತ್ತಿದ್ದರು. ಸ್ವೆಟರಿನ ಕಾರಣ ಆಮೇಲೆ ತಿಳಿಯಿತು. ಕಂಪ್ಯೂಟರ್ ಲ್ಯಾಬಿನ ಏಸಿಯನ್ನು ಕಡಿಮೆ ಮಾಡುವ ಗುಂಡಿ ಮುರಿದು ಬಹಳ ಕಾಲವಾಗಿತ್ತು. ಅದು ಸದಾ ಪೂರ್ತಿ ಜೋರಿನಲ್ಲಿ ಓಡುತ್ತಿತ್ತು, ಮತ್ತು ಸೋರುತ್ತಿತ್ತು. ಕೆಳಗೆ ಇಟ್ಟಿದ್ದ ನೀಲಿ ಬಕೀಟಿಗೆ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು. ಇಡೀ ಭೂಮಿಯ ಸೆಕೆಯನ್ನು ನಾವು ಹಲ್ಲು ಕಟಕಟಿಸುತ್ತ ಕಲಿತೆವು.

ಮಾದರಿ ಎಂದರೆ ಏನು ಎಂಬುದನ್ನು ಪ್ರಾಧ್ಯಾಪಕರು ಚೆನ್ನಾಗಿ ಹೇಳಿದರು. ಭೂಮಿಯನ್ನು ಕಂಪ್ಯೂಟರಿನೊಳಗೆ ಲೆಕ್ಕಗಳಾಗಿ ಕೂಡಿಸುವುದು. ಬಿಸಿಲು ಎಷ್ಟು ಬಿತ್ತು, ನೆಲ ಎಷ್ಟು ಹೀರಿತು, ಹಿಮ ಎಷ್ಟನ್ನು ತಿರುಗಿ ಆಕಾಶಕ್ಕೆ ಅಟ್ಟಿತು, ಗಾಳಿ ಎಷ್ಟನ್ನು ಹೊತ್ತೊಯ್ದಿತು. ಇಷ್ಟು ಬರೆದುಕೊಟ್ಟರೆ ಕಂಪ್ಯೂಟರು ವರ್ಷದ ಮೇಲೆ ವರ್ಷ ಲೆಕ್ಕ ಮಾಡುತ್ತ ಹೋಗುತ್ತದೆ. ಇಬ್ಬಿಬ್ಬರು ಸೇರಿ ಇಂಥ ಒಂದು ಚಿಕ್ಕ ಭೂಮಿಯನ್ನು ಮಾಡಬೇಕು, ಅದೇ ನಮ್ಮ ಪ್ರಾಜೆಕ್ಟು.

ನನ್ನ ಜೋಡಿಯಾಗಿ ಬಂದವನು ಕುಂದಾಪುರ ಕಡೆಯ ಹೋಟೆಲ್ ಮನೆತನದವನು. ಸಾತಾರಾ ರಸ್ತೆಯಲ್ಲಿ ಅವರದು ದೊಡ್ಡ ಹೋಟೆಲು. ಗಲ್ಲಾದ ಮೇಲೆ ಕೂರಲು ಮನಸ್ಸಿಲ್ಲದೆ ಎಂ.ಎಸ್ಸಿ. ಮಾಡಿ, ಅದು ಮುಗಿದು ಮತ್ತೆ ಗಲ್ಲಾ ಹತ್ತಿರವಾದಾಗ ಈ ಕೋರ್ಸಿಗೆ ಸೇರಿದ್ದ. ನನ್ನ ಹೆಸರಿನಿಂದ ಕನ್ನಡದವಳೆಂದು ಗುರುತು ಹಿಡಿದು ತಾನೇ ಬಂದು ಕೂತ. "ನೀವು ಲೆಕ್ಕ ಮಾಡಿ ಮೇಡಂ, ನಾನು ಟೈಪ್ ಮಾಡ್ತೇನೆ. ನನ್ನ ಕೈ ಫಾಸ್ಟು," ಎಂದ. ಕೈ ಫಾಸ್ಟು ಎಂಬುದು ನಿಜ. ಒಂದೇ ಮಧ್ಯಾಹ್ನದಲ್ಲಿ ಇಡೀ ಭೂಮಿಯನ್ನು ಟೈಪ್ ಮಾಡಿ ಮುಗಿಸಿದ.

ನಾವು ಭೂಮಿಯನ್ನು ಓಡಲು ಬಿಟ್ಟು ಚಹಾ ಕುಡಿಯಲು ಹೋದೆವು. ವಾಪಸು ಬಂದು ನೋಡಿದರೆ ಪರದೆಯ ಮೇಲೆ ನಲವತ್ತು ವರ್ಷ ಕಳೆದಿತ್ತು. ಭೂಮಿ ಪೂರ್ತಿ ಹೆಪ್ಪುಗಟ್ಟಿತ್ತು. ಪುಣೆ ಇರುವ ಅಕ್ಷಾಂಶದ ಪಟ್ಟಿಯಲ್ಲಿ ಮೇ ತಿಂಗಳ ಉಷ್ಣಾಂಶ ಸೊನ್ನೆಗಿಂತ ಮೂವತ್ತೆಂಟು ಕೆಳಗೆ.

"ಎಂತ ಮಾಡುದು ಮೇಡಂ?" ಎಂದ. "ನಾವು ಚಾ ಕುಡ್ದು ಬರುವಷ್ಟರಲ್ಲಿ ಎಲ್ಲ ಸತ್ತೇ ಹೋದ್ರಲ್ಲ ಮಾರಾಯ್ರೆ."

ಪ್ರಾಧ್ಯಾಪಕರು ಬಂದು ನೋಡಿದರು. ಕೊಡೆಯ ತುದಿಯಿಂದ ಒಂದು ಸಾಲು ತೋರಿಸಿದರು. ಹಿಮ ಬಿಸಿಲನ್ನು ತಿರುಗಿ ಅಟ್ಟುವ ಅಂಕಿಯನ್ನು ಇವನು ಸಮುದ್ರಕ್ಕೂ ಕೊಟ್ಟಿದ್ದ. ಹೀಗಾಗಿ ಸಮುದ್ರವೆಲ್ಲ ಕನ್ನಡಿಯಾಗಿ ಬಂದ ಬಿಸಿಲನ್ನೆಲ್ಲ ಹಿಂದಕ್ಕೆ ಎಸೆದು ಕೂತಿತ್ತು. ಅದನ್ನು ಸರಿ ಮಾಡಿದೆವು. ಮುಂದಿನ ವಾರ ಸಮುದ್ರ ಕುದಿಯಿತು. ಅದು ನನ್ನ ತಪ್ಪು, ಒಂದು ಕಡೆ ಕಳೆಯುವ ಚಿಹ್ನೆಯ ಬದಲು ಕೂಡಿಸುವ ಚಿಹ್ನೆ ಬರೆದುಕೊಟ್ಟಿದ್ದೆ. "ಇದರ ಮೇಲೆ ಇಡ್ಲಿ ಪಾತ್ರೆ ಇಡಬಹುದು ಮೇಡಂ," ಎಂದು ನನ್ನ ಜೋಡಿ ಸಮಾಧಾನ ಹೇಳಿದ. ಆಗಸ್ಟ್ ತಿಂಗಳಿಡೀ ನಮ್ಮ ಭೂಮಿ ಒಂದು ವಾರ ಐಸು, ಒಂದು ವಾರ ಸಾರು.

ಈ ಹೊತ್ತಿನಲ್ಲಿ ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಏನೋ ವಿಚಿತ್ರ ನಡೆಯತೊಡಗಿತು. ಜನ ನನಗೆ ಥ್ಯಾಂಕ್ಸ್ ಹೇಳಲು ಶುರು ಮಾಡಿದರು.

ಮೊದಲು ಕೆಳಗಿನ ಮನೆಯ ಹಿರಿಯ ಹೆಂಗಸು, ಎಲ್ಲರಿಗೂ ಕಾಕೂ. ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ನಿಮ್ಮಿಂದ ನಮ್ಮ ಹತ್ತಿ ಗಾದಿ ಉಳಿಯಿತು," ಎಂದರು. ಯಾವ ಗಾದಿ, ಹೇಗೆ ಉಳಿಯಿತು, ನನಗೆ ತಿಳಿಯಲಿಲ್ಲ. ಸುಮ್ಮನೆ ನಕ್ಕೆ. ಎರಡು ದಿನ ಬಿಟ್ಟು ಮೂರನೇ ಮಹಡಿಯ ಹೊಸ ಸೊಸೆ ಬಂದು, "ಅಕ್ಕಾ, ಶನಿವಾರದ ಬಗ್ಗೆ ಕಂಪ್ಯೂಟರ್ ಏನು ಹೇಳುತ್ತದೆ?" ಎಂದಳು. ಆಮೇಲೆ ಸೊಸೈಟಿಯ ಚೇರ್‌ಮನ್. ನಿವೃತ್ತ ಮನುಷ್ಯ, ನೀರಿನ ಟಾಕಿ ತುಂಬಿ ಹರಿದರೆ ಹೊರತು ಯಾರ ಮನೆಗೂ ಹೋಗದವರು. ಅವರು ನಮ್ಮ ಬಾಗಿಲಿಗೆ ಬಂದು ಹಾರ್ದಿಕ ಅಭಿನಂದನೆ ಹೇಳಿದರು. "ಅತ್ತಿಗೆ, ಹತ್ತಕ್ಕೆ ಒಂಬತ್ತು ಸಲ ಸರಿ ಬರುತ್ತಿದೆ. ರೇಡಿಯೋದವರಿಗೆ ಆಗಿಲ್ಲ!"

ಅವರು ಹೋದ ಮೇಲೆ ನಾನು ಒಳಗೆ ಬಂದೆ. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು, ಒಂದು ಎಲೆಯನ್ನೂ ಬಿಡದೆ ನೋಡಿ ನೋಡಿ.

"ಅತ್ತಿ, ಮಂದಿಗೆ ನೀವು ಮಳಿ ಬರತದ ಇಲ್ಲ ಅಂತ ಹೇಳಾಕತ್ತೀರೇನ್ರಿ?"

"ನಾ ಯಾಕ ಹೇಳ್ಲಿ?"

"ನಮ್ಮ ಕಂಪ್ಯೂಟರ ಹೇಳ್ತು ಅಂತ ಹೇಳಾಕತ್ತೀರೇನು?"

"ಕೇಳಿದ್ರ ಏನರ ಹೇಳಬೇಕಲ್ಲಾ? ನಮ್ಮ ಸೊಸಿ ಯುನಿವರ್ಸಿಟಿಗೆ ಹೋಗ್ತಾಳ, ಆಕಿಗೇ ಗೊತ್ತಿಲ್ಲ ಅಂದ್ರ ಮರ್ಯಾದಿ ಏನು ಉಳೀತದ?"

"ಮತ್ತ ಅದು ಖರೇ ಹೆಂಗ ಆಗತದ?"

ಅತ್ತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು.

ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ವಾರಕ್ಕೆ ಮೂರು ದಿನ ಸ್ವಾರ್‌ಗೇಟಿನಲ್ಲಿ ಬಸ್ಸು ಬದಲಿಸಿ, ಚಳಿಯಲ್ಲಿ ನಡುಗಿ, ಭೂಮಿಯನ್ನು ಐದು ಸಲ ಕೊಂದವಳು ನಾನು. ಹತ್ತಕ್ಕೆ ಒಂಬತ್ತು ಬರುತ್ತಿದ್ದುದು ಅವರಿಗೆ.

ಗುಟ್ಟು ಹೊರಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ. ಅತ್ತೆ ಸ್ನಾನಕ್ಕೆ ಹೋಗಿದ್ದರು. ಫೋನು ಬಂತು. ನಾನು ಎತ್ತಿ ಹಲೋ ಎನ್ನುವ ಮೊದಲೇ ಆ ಕಡೆಯಿಂದ ಒಂದೇ ಉಸಿರಿನಲ್ಲಿ ಮಾತು ಬಂತು. "ಅಕ್ಕಾ, ಬೋರ್ಡು ಹೋತು! ಅರಿವಿ ಒಳಗ ತಗೋ! ಗಿರಾಕಿ ಬಂದಾರ, ಇಡ್ತೀನಿ." ಫೋನು ಇಟ್ಟ ಸದ್ದು ಬಂತು.

ಅದು ಅತ್ತೆಯ ತಂಗಿಯ ದನಿ. ನಾನು ಅವರನ್ನು ಸಣ್ಣತ್ತಿ ಎನ್ನುತ್ತೇನೆ. ಅವರ ಗಂಡನದು ಲೋಣಾವಳಾದಲ್ಲಿ ಚಿಕ್ಕಿ ಅಂಗಡಿ, ದಿನವಿಡೀ ಗಲ್ಲಾದಲ್ಲಿ ಕೂರುವವರು ಸಣ್ಣತ್ತಿಯೇ. ನಾನು ಗ್ಯಾಲರಿಯಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ನೋಡಿದೆ. ಹೊರಗೆ ಒಳ್ಳೆ ಬಿಸಿಲಿತ್ತು. ಪರೀಕ್ಷೆಗೆಂದು ಒಂದನ್ನೂ ತೆಗೆಯಲಿಲ್ಲ. ಎರಡು ತಾಸಿನ ಒಳಗೆ ಎಲ್ಲ ತೊಯ್ದು ತೊಪ್ಪೆಯಾಯಿತು. ನನ್ನ ಗಂಡನ ಆಫೀಸಿನ ಮೂರು ಅಂಗಿ ಸಮೇತ.

ಅತ್ತೆ ನನ್ನನ್ನೂ ನನ್ನ ಗಂಡನನ್ನೂ ಬೈದರು. ನಾನು ಅವರನ್ನು ಬಿಡಲಿಲ್ಲ. ಕೊನೆಗೆ ಒಪ್ಪಿಕೊಂಡರು.

"ಮಳಿ ಮುಂಬೈ ಕಡಿಂದ ಬರತದಲ್ಲಾ? ಘಾಟ ಹತ್ತಿ ಲೋಣಾವಳಾ ದಾಟಿ ನಮ್ಮ ಕಡಿ ಬರಬೇಕು. ಆಕಿಗೆ ಮೊದಲು ಕಾಣಸ್ತದ, ಆಕಿ ನಂಗ ಹೇಳ್ತಾಳ."

"ಲೋಣಾವಳಾದಾಗ ಮಳಿ ದಿನಾ ಇರತದಲ್ರಿ ಅತ್ತಿ. ದಿನಾ ನಮಗ ಬರೂದಿಲ್ಲಲ್ಲ?"

ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ಮಂದಬುದ್ಧಿಯ ಮಗುವಿನ ಮೇಲಿನ ಕನಿಕರವಿತ್ತು. "ಅದಕ್ಕ ಬೋರ್ಡು ಇಟ್ಟೇವಿ. ಆಕಿ ಅಂಗಡಿ ಮುಂದ ರಸ್ತೆ ಆಚೆ ಲಾಡ್ಜಿಂದು ಕೆಂಪು ಬೋರ್ಡು ಅದ. ಮಳ್ಯಾಗ ಬೋರ್ಡು ಕಾಣಸ್ತಿತ್ತಂದ್ರ ಆ ಮಳಿ ಅವರಿಗೇ. ಬೋರ್ಡು ಕಾಣಲಿಲ್ಲಂದ್ರ ಎರಡು ತಾಸಿನಾಗ ನಮಗೂ ಬರತದ."

"ಇದನ್ನ ಯಾರು ಹೇಳಿಕೊಟ್ರು?"

"ಯಾರ ಹೇಳಬೇಕು? ಹನ್ನೆರಡು ವರ್ಷ ಆತು, ದಿನಾ ಫೋನು ಮಾಡ್ತೇವಿ. ಬ್ಯಾರೆ ಮಾತಾಡಾಕ ಏನದ?"

ಮರುದಿನ ಲ್ಯಾಬಿನಲ್ಲಿ ಇದನ್ನು ನನ್ನ ಜೋಡಿಗೆ ನಗುತ್ತ ಹೇಳಿದೆ. ಹೇಳಬಾರದಿತ್ತು. ಅವನು ಬಾಯಿ ಕಟ್ಟಿಕೊಂಡು ಹುಟ್ಟಿದವನಲ್ಲ. ಅದೇ ವಾರ ಎಲ್ಲರೂ ತಮ್ಮ ತಮ್ಮ ಮಾದರಿಯ ಪ್ರಗತಿ ಹೇಳಬೇಕಿತ್ತು. ನಮ್ಮ ಸರದಿ ಬಂದಾಗ ಭೂಮಿ ಮತ್ತೆ ಹೆಪ್ಪುಗಟ್ಟಿತ್ತು. ಪ್ರಾಧ್ಯಾಪಕರು ಬೇಸರದಿಂದ, "ನಿಮ್ಮಲ್ಲಿ ತೋರಿಸಲು ಯೋಗ್ಯವಾದದ್ದು ಏನಾದರೂ ಇದೆಯಾ?" ಎಂದು ಕೇಳಿದರು. ನನ್ನ ಜೋಡಿ ಎದ್ದು ನಿಂತು, "ಸರ್, ನಮ್ಮ ಮಾಡೆಲ್ ಸರಿ ಇಲ್ಲ. ಆದರೆ ಮ್ಯಾಡಂ ಅವರ ಅತ್ತೆ ಸರಿ ಇದ್ದಾರೆ," ಎಂದ.

ಎಲ್ಲವನ್ನೂ ಹೇಳಿದ. ಚಿಕ್ಕಿ ಅಂಗಡಿ, ಕೆಂಪು ಬೋರ್ಡು, ಎರಡು ತಾಸು, ಕೌದಿ. ನಾನು ನೀಲಿ ಬಕೀಟಿನ ಕಡೆ ನೋಡುತ್ತ ಕೂತಿದ್ದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ. ಕೊಡೆಯನ್ನು ಮೇಜಿನ ಮೇಲಿಟ್ಟರು. ಅದನ್ನು ಅವರು ಕೈಯಿಂದ ಬಿಟ್ಟದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಹನ್ನೆರಡು ವರ್ಷ, ದಿನಾ?" ಎಂದು ಕೇಳಿದರು.

"ಹೌದು ಸರ್."

"ಶುಕ್ರವಾರ ಅವರನ್ನು ಕರೆದುಕೊಂಡು ಬನ್ನಿ."

ಅತ್ತೆ ಶುಕ್ರವಾರಕ್ಕೆ ಇಳಕಲ್ ಸೀರೆ ಉಟ್ಟರು. ಕಡಿಮೆಯೆಂದರೆ ಇಪ್ಪತ್ತು ಶೇಂಗಾದ ಹೋಳಿಗೆ ಕಟ್ಟಿಕೊಂಡರು. ಲ್ಯಾಬಿನೊಳಗೆ ತಿಂಡಿ ತರುವಂತಿಲ್ಲ ಎಂದು ಬಾಗಿಲ ಮೇಲೆ ಬರೆದಿತ್ತು, ಆದರೆ ಅದು ಇಂಗ್ಲಿಷಿನಲ್ಲಿತ್ತು. ಮುಂದಿನ ಸಾಲಿನಲ್ಲಿ ಕೂತು, ಚಳಿಗೆ ಸೆರಗನ್ನು ತಲೆಗೆ ಬಿಗಿದುಕೊಂಡು, ಬಕೀಟು ನೋಡಿ, "ಹೊರಗ ಮಳಿ ಇಲ್ಲಂತ ಒಳಗ ಮಾಡ್ಯಾರೇನು?" ಎಂದು ನನ್ನನ್ನು ಕೇಳಿದರು.

ಪ್ರಾಧ್ಯಾಪಕರು ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ತೂಗುಹಾಕಿದ್ದರು. ದೊಡ್ಡ ದೇಶಗಳ ದೊಡ್ಡ ಕಂಪ್ಯೂಟರುಗಳು ಭೂಮಿಯನ್ನು ಹೇಗೆ ಚೌಕ ಚೌಕವಾಗಿ ತುಂಡು ಮಾಡುತ್ತವೆ ಎಂದು ತೋರಿಸುವ ನಕ್ಷೆ. ಒಂದೊಂದು ಚೌಕಕ್ಕೂ ಒಂದೇ ಮಳೆ, ಒಂದೇ ಸೆಕೆ. ಅತ್ತೆಗಾಗಿ ಅವರು ಅಂದಿನ ಪಾಠವನ್ನು ಮರಾಠಿಯಲ್ಲೇ ಮಾಡಿದರು. ಅತ್ತೆ ಕೊನೆತನಕ ಕೇಳಿದರು. ಆಮೇಲೆ ಎದ್ದು ಹೋಗಿ ನಕ್ಷೆಯ ಮುಂದೆ ನಿಂತರು.

"ಇದರಲ್ಲಿ ಲೋಣಾವಳಾ ಎಲ್ಲಿ?" ಎಂದು ಮರಾಠಿಯಲ್ಲಿ ಕೇಳಿದರು.

ಪ್ರಾಧ್ಯಾಪಕರು ಒಂದು ಚೌಕ ತೋರಿಸಿದರು.

"ಪುಣೆ?"

ಅದೇ ಚೌಕ ತೋರಿಸಿದರು.

"ಮುಂಬೈ?"

"ಆಜಿ, ಅದೂ ಇದರಲ್ಲೇ."

"ಮತ್ತೆ ನಡುವಿನ ಘಾಟ?"

ಪ್ರಾಧ್ಯಾಪಕರು ಕೊಡೆಯ ತುದಿಯಿಂದ ಅದೇ ಚೌಕವನ್ನು ತಟ್ಟಿದರು. ಚೌಕ ಇಷ್ಟು ದೊಡ್ಡದಾದಾಗ ಘಟ್ಟಕ್ಕೆ ಅದರಲ್ಲಿ ಜಾಗವಿರುವುದಿಲ್ಲ, ಎತ್ತರ ತಗ್ಗು ಎಲ್ಲ ಸರಾಸರಿಯಾಗಿ ಒಂದು ಸಣ್ಣ ದಿಬ್ಬವಾಗುತ್ತದೆ ಎಂದರು. ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಏನ್ ಮಂದಿವಾ ಇವರು! ಘಾಟನ್ನ ಲಟ್ಟಿಸಿ ಚಪಾತಿ ಮಾಡಿಟ್ಟಾರ. ಮಳಿ ಎಲ್ಲಿ ತಟ್ಟತದ?" ಎಂದರು.

ಏನು ಹೇಳಿದರು ಎಂದು ಪ್ರಾಧ್ಯಾಪಕರು ಕೇಳಿದರು. ನಾನು ಎಷ್ಟು ಮೃದು ಮಾಡಲು ಸಾಧ್ಯವೋ ಅಷ್ಟು ಮೃದು ಮಾಡಿ ಹೇಳಿದೆ. ನನ್ನ ಜೋಡಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಪ್ರಾಧ್ಯಾಪಕರು ಹೋ ಎಂದು ನಕ್ಕರು. ಆಮೇಲೆ ಹುಡುಗರ ಕಡೆ ತಿರುಗಿ, ತಾವು ಎರಡು ವಾರ ಹೇಳಬೇಕೆಂದಿದ್ದ ಪಾಠವನ್ನು ಆಜಿ ಒಂದೇ ಮಾತಿನಲ್ಲಿ ಹೇಳಿದ್ದಾರೆ ಎಂದರು. ಘಟ್ಟ ತಗ್ಗಿದರೆ ಘಟ್ಟದ ಮಳೆ ಕೆಡುತ್ತದೆ, ಚೌಕ ಚಿಕ್ಕದಾದಷ್ಟೂ ಘಟ್ಟ ಎದ್ದು ನಿಲ್ಲುತ್ತದೆ, ಅದಕ್ಕೆ ಇನ್ನೂ ದೊಡ್ಡ ಕಂಪ್ಯೂಟರ್ ಬೇಕು. ಅತ್ತೆ ಅಷ್ಟರಲ್ಲಿ ಹೋಳಿಗೆ ಹಂಚತೊಡಗಿದ್ದರು. ಕೀಬೋರ್ಡಿನ ಸಂದಿಯಲ್ಲಿ ಬಿದ್ದ ಶೇಂಗಾ ಪುಡಿಯನ್ನು ನಾವು ಸೆಮಿಸ್ಟರು ಮುಗಿಯುವವರೆಗೂ ಊದುತ್ತಿದ್ದೆವು.

ಆ ದಿನದಿಂದ ನನ್ನ ಸ್ಥಾನ ಬದಲಾಯಿತು. ಪ್ರಾಧ್ಯಾಪಕರು ಪ್ರತಿ ಕ್ಲಾಸಿನಲ್ಲೂ, "ಆಜಿ ಏನು ಹೇಳಿದರು?" ಎಂದು ವಿಚಾರಿಸುತ್ತಿದ್ದರು. ನನ್ನ ಆರೋಗ್ಯ ಕೇಳಿದವರಿಲ್ಲ. ಅತ್ತೆಯೂ ಉಬ್ಬಿದರು. ಸೊಸೈಟಿಯಲ್ಲಿ ಈಗ ಕಂಪ್ಯೂಟರಿನ ಹೆಸರು ಹೇಳುವುದು ಬಿಟ್ಟು, "ಯುನಿವರ್ಸಿಟಿಯಲ್ಲಿ ನಾನೇ ಹೇಳಿ ಬಂದಿದ್ದೇನೆ," ಎನ್ನತೊಡಗಿದರು.

ಅಕ್ಟೋಬರಿನಲ್ಲಿ ಕೋರ್ಸು ಮುಗಿಯಲು ಬಂತು. ಕೊನೆಯ ದಿನ ಮಧ್ಯಾಹ್ನ ವಿಭಾಗದ ಮುಂದಿನ ಹುಲ್ಲಿನ ಮೇಲೆ ಊಟ, ಆಮೇಲೆ ಗ್ರೂಪ್ ಫೋಟೋ ಎಂದು ನಿಶ್ಚಯವಾಯಿತು. ಆ ದಿನ ಬೆಳಿಗ್ಗೆ ಶಾಮಿಯಾನ ಹಾಕಿಸುವುದಾ ಬೇಡವಾ ಎಂಬ ಪ್ರಶ್ನೆ ಬಂತು. ಕೋಣೆಯ ತುಂಬ ಹವೆಯನ್ನು ಓದಿದ ಜನ. ಎಲ್ಲರೂ ನನ್ನ ಕಡೆ ತಿರುಗಿದರು. ಪ್ರಾಧ್ಯಾಪಕರು ನನ್ನ ಮುಂದೆ ಫೋನು ಸರಿಸಿದರು.

ಅತ್ತೆ ಲೋಣಾವಳಾಕ್ಕೆ ಫೋನು ಮಾಡಿ, ತಿರುಗಿ ನಮಗೆ ಮಾಡಿದರು. "ಬೋರ್ಡೇನು, ಬೋರ್ಡಿನ ಮ್ಯಾಲ ಕುಂತ ಕಾಗಿನೂ ಕಾಣಸ್ತದಂತ. ಶಾಮಿಯಾನ ಬ್ಯಾಡ."

ಬೇಡ ಎಂದಾಯಿತು. ಪ್ರಾಧ್ಯಾಪಕರು ಕೊಡೆಯನ್ನೂ ತಮ್ಮ ಕೋಣೆಯಲ್ಲೇ ಬಿಟ್ಟು ಊಟಕ್ಕೆ ಬಂದರು. ಅದಿಲ್ಲದೆ ಅವರ ಬಲಗೈ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಅಲ್ಲಾಡುತ್ತಿತ್ತು.

ಊಟ ನನ್ನ ಜೋಡಿಯ ಹೋಟೆಲಿನಿಂದ ಬಂತು. ಅತ್ತೆ ಮುಖ್ಯ ಅತಿಥಿ. ಊಟ ಮುಗಿಸಿ ಎಲ್ಲರೂ ಮೂರು ಸಾಲಿನಲ್ಲಿ ನಿಂತೆವು. ನಡುವಿನ ಕುರ್ಚಿಯಲ್ಲಿ ಅತ್ತೆ, ಪಕ್ಕದಲ್ಲಿ ಪ್ರಾಧ್ಯಾಪಕರು. ಬಿಸಿಲು ಮುಖದ ಮೇಲೆ ಬೀಳಲಿ ಎಂದು ಫೋಟೋದವನು ನಮ್ಮನ್ನು ಪಶ್ಚಿಮಕ್ಕೆ ಮುಖ ಮಾಡಿಸಿದ್ದ. ನಮ್ಮ ಮುಂದೆ ಆಕಾಶ ತೊಳೆದ ತಟ್ಟೆಯ ಹಾಗೆ ಶುಭ್ರವಾಗಿತ್ತು. ಅತ್ತೆ ಅದನ್ನು ತಾವೇ ಮಾಡಿಸಿದವರ ಹಾಗೆ ನೋಡುತ್ತಿದ್ದರು.

ಫೋಟೋದವನು, "ಸ್ಮೈಲ್, ಸ್ಮೈಲ್," ಎಂದ. ನಕ್ಕೆವು. ಅವನು ಕ್ಯಾಮೆರಾದಲ್ಲಿ ಕಣ್ಣಿಟ್ಟು, ಕಣ್ಣು ತೆಗೆದು, ನಮ್ಮ ತಲೆಯ ಮೇಲೆ ನೋಡಿದ. ಮತ್ತೆ ಕಣ್ಣಿಟ್ಟ. ಕ್ಲಿಕ್ ಅನ್ನಿಸಿದ. ಆಮೇಲೆ ಒಂದೂ ಮಾತಾಡದೆ ಕ್ಯಾಮೆರಾ, ಅದರ ಮೂರು ಕಾಲಿನ ಸ್ಟ್ಯಾಂಡು ಎರಡನ್ನೂ ಬಗಲಲ್ಲಿಟ್ಟುಕೊಂಡು ಓಡಿದ.

ನಾವು ನಗುತ್ತಲೇ ಇದ್ದೆವು. "ನಮ್ಮ ಮುಖದಲ್ಲಿ ಎಂತ ಕಂಡಿತು ಮಾರಾಯ ಇವನಿಗೆ?" ಎಂದ ನನ್ನ ಜೋಡಿ. ಅಷ್ಟರಲ್ಲಿ ಹಿಂದಿನಿಂದ ತಣ್ಣನೆಯ ಗಾಳಿ ಕತ್ತಿಗೆ ಬಡಿಯಿತು. ತಿರುಗಿ ನೋಡಿದರೆ ಪೂರ್ವದ ಆಕಾಶ ಪೂರ್ತಿ ಕಪ್ಪು. ಅರ್ಧ ನಿಮಿಷದಲ್ಲಿ ಹನಿಯಲ್ಲ, ಹಂಡೆಯೇ ಸುರಿಯಿತು. ಕುರ್ಚಿಗಳು ಉರುಳಿದವು. ಉಳಿದ ಅನ್ನ ತೇಲಿತು. ಹನ್ನೆರಡು ಮಂದಿ ಹವಾಗುಣ ತಜ್ಞರು ಮತ್ತು ಅವರ ಗುರುಗಳು ಅಡುಗೆಯ ಪಾತ್ರೆಗಳ ಮುಚ್ಚಳ ತಲೆಯ ಮೇಲೆ ಹಿಡಿದು ವರಾಂಡಕ್ಕೆ ಓಡಿದೆವು. ಅತ್ತೆಯನ್ನು ಕುರ್ಚಿಸಮೇತ ಇಬ್ಬರು ಹೊತ್ತು ತಂದರು.

ಇಳಕಲ್ ಸೀರೆಯಿಂದ ನೀರು ಹಿಂಡುತ್ತ ಅತ್ತೆ ಪ್ರಾಧ್ಯಾಪಕರನ್ನು ತರಾಟೆಗೆ ತೆಗೆದುಕೊಂಡರು. "ಅದು ಆ ಕಡೆಯಿಂದ ಯಾಕೆ ಬಂತು?"

ಅವರ ಕನ್ನಡಕದಿಂದ ನೀರು ಇಳಿಯುತ್ತಿತ್ತು. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ತಿರುಗುತ್ತದೆ, ಅಕ್ಟೋಬರಿನ ಗುಡುಗುಮಳೆ ಪೂರ್ವದಿಂದ ಬರುವುದುಂಟು ಎಂದು ವಿವರಿಸಿದರು. ಇದನ್ನು ಅವರು ಆಗಸ್ಟಿನಲ್ಲೇ ನಮಗೆ ಪಾಠ ಮಾಡಿದ್ದರು. ಟಿಪ್ಪಣಿ ನನ್ನ ಚೀಲದಲ್ಲೇ ಇತ್ತು, ಅದೂ ತೊಯ್ದಿತ್ತು.

"ಗೊತ್ತಿದ್ದೂ ಹೇಳಲಿಲ್ಲವಾ?"

"ಆಜಿ, ನೀವು ಹೇಳಿದ ಮೇಲೆ ನಾನೇನು ಹೇಳಲಿ?"

ಅತ್ತೆಗೆ ಈ ಉತ್ತರ ಹಿಡಿಸಿತು. ಸ್ವಲ್ಪ ಶಾಂತರಾದರು. "ಆ ಕಡೆ ಯಾವ ಊರು ಬರುತ್ತದೆ?"

"ದೌಂಡ."

ಅತ್ತೆ ನನ್ನ ಕಡೆ ತಿರುಗಿದರು. "ದೌಂಡದಾಗ ನಮ್ಮವರು ಯಾರೂ ಇಲ್ಲಲ್ಲ," ಎಂದು ಚಿಂತೆಯಿಂದ ಹೇಳಿದರು.

ಫೋಟೋ ಮಾತ್ರ ಅದ್ಭುತವಾಗಿ ಬಂದಿತ್ತು. ಎಲ್ಲರ ಮುಖದ ಮೇಲೂ ಬಂಗಾರದಂಥ ಬಿಸಿಲು, ಎಲ್ಲರೂ ಹಲ್ಲು ಬಿಟ್ಟು ನಗುತ್ತಿದ್ದೇವೆ, ಹಿಂದೆ ಪ್ರಳಯ. ಪ್ರಾಜೆಕ್ಟಿನ ವಿಷಯ ಹೇಳುವುದಾದರೆ, ಕೊನೆಯ ವಾರ ನಮ್ಮ ಭೂಮಿ ಹೆಪ್ಪುಗಟ್ಟದೆ, ಕುದಿಯದೆ ನೂರು ವರ್ಷ ಬದುಕಿತು. ಸ್ವಲ್ಪ ಬಿಸಿಯಾಯಿತು, ಆದರೆ ಬದುಕಿತು. ನಾವಿಬ್ಬರೂ ಬಿ ಗ್ರೇಡಿನಲ್ಲಿ ಪಾಸಾದೆವು. ನನ್ನ ಜೋಡಿ ಲ್ಯಾಬಿನಲ್ಲೇ ಅಪ್ಪನಿಗೆ ಫೋನು ಮಾಡಿ, "ಭೂಮಿ ಉಳಿದಿದೆ ಅಪ್ಪ," ಎಂದ. ಹಾಗಾದರೆ ನಾಳೆಯಿಂದ ಗಲ್ಲಾಕ್ಕೆ ಬಾ ಎಂದರಂತೆ ಅಪ್ಪ.

ಅದೇ ಚಳಿಗಾಲದಲ್ಲಿ ಅತ್ತೆಯ ತಮ್ಮನ ಮಗಳಿಗೆ ಗಂಡು ನೋಡುತ್ತಿದ್ದರು. ಎರಡು ಕಡೆ ಮಾತು ಮುಂದುವರಿದಿತ್ತು. ಒಬ್ಬನದು ಹಿಂಜವಾಡಿಯಲ್ಲಿ ಸಾಫ್ಟ್‌ವೇರು, ಒಬ್ಬನದು ರೈಲ್ವೆ. ಮನೆಮಂದಿಯೆಲ್ಲ ಹಿಂಜವಾಡಿ ಎಂದರು. ಹುಡುಗಿಗೆ ರೈಲ್ವೆಯವನು ಹಿಡಿಸಿದ್ದ. ನೋಡಲು ಬಂದಾಗ ಅವನು ಅವಳನ್ನು ನಗಿಸಿದ್ದನಂತೆ, ಇನ್ನೊಬ್ಬ ಟ್ರಾಫಿಕ್ಕಿನ ಬಗ್ಗೆ ಮಾತ್ರ ಮಾತಾಡಿದ್ದನಂತೆ. ಆದರೂ ಹಿರಿಯರ ಮುಂದೆ ಅವಳ ಬಾಯಿ ಏಳಲಿಲ್ಲ. ಆಗ ಅತ್ತೆ ಕೇಳಿದರು.

"ರೈಲ್ವೆ ಹುಡುಗನ ಮನಿ ಎಲ್ಲದ?"

"ದೌಂಡದಾಗ," ಎಂದಿತು ಯಾರದೋ ದನಿ.

ಅತ್ತೆ ನೆಟ್ಟಗೆ ಕೂತರು. "ಸರಕಾರಿ ನೌಕರಿ. ಗಟ್ಟಿ ಮನೆತನ. ಹುಡುಗನೂ ಛಲೋ ಇದ್ದಾನ. ಇನ್ನೇನು ನೋಡೂದದ?" ಎಂದು ಅರ್ಧ ತಾಸು ವಾದ ಮಾಡಿ ಎಲ್ಲರನ್ನೂ ಒಪ್ಪಿಸಿದರು. ಹುಡುಗಿ ಓಡಿಬಂದು ಅವರ ಕಾಲು ಮುಟ್ಟಿ ಕಣ್ಣೀರು ಹಾಕಿದಳು. ನಾನು ಮತ್ತು ನನ್ನ ಗಂಡ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ನಗು ತಡೆಯುತ್ತಿರಲಿಲ್ಲ.

ಮದುವೆಗೆ ದೌಂಡಕ್ಕೆ ಹೋದೆವು. ಅಕ್ಷತೆಯಾದ ಮೇಲೆ ಗಂಡಿನವರ ಮನೆ ತೋರಿಸಲು ಕರೆದರು. ಅತ್ತೆ ದೇವರಮನೆ, ಅಡುಗೆಮನೆ ಏನನ್ನೂ ನೋಡಲಿಲ್ಲ, ನೇರವಾಗಿ ಕಿಟಕಿಯ ಹತ್ತಿರ ಹೋಗಿ, "ಇಲ್ಲಿಂದ ಎಷ್ಟು ದೂರ ಕಾಣಸ್ತದ್ರಿ ಬೀಗತಿ?" ಎಂದು ಕೇಳಿದರು. ಬೀಗತಿಗೆ ಹೆಮ್ಮೆಯಾಯಿತು. ಆಚೆ ಮೈದಾನವಿತ್ತು, ಅದರಾಚೆ ಒಂದು ನೀರಿನ ಟಾಕಿ. ಅತ್ತೆ ಟಾಕಿಯನ್ನು ತೃಪ್ತಿಯಿಂದ ನೋಡಿದರು. ಮದುಮಗಳನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಅತ್ತೆಮನೆಯಲ್ಲಿ ಹೇಗಿರಬೇಕು ಎಂಬ ಬುದ್ಧಿಮಾತು ಎಂದು ತಿಳಿದು ಎಲ್ಲರೂ ಗೌರವದಿಂದ ದೂರ ನಿಂತರು.

ಮುಂದಿನ ಮೇ ತಿಂಗಳಿಗೆ ಮೊದಲೇ ಆ ಹುಡುಗನಿಗೆ ನಾಗಪುರಕ್ಕೆ ವರ್ಗವಾಯಿತು. ಬಡ್ತಿಯ ಮೇಲೆ ವರ್ಗ. ಹುಡುಗಿ ಸಂತೋಷದಿಂದ ಫೋನು ಮಾಡಿ, ಅಲ್ಲಿ ದೊಡ್ಡ ಕ್ವಾರ್ಟರ್ಸ್ ಸಿಗುತ್ತದೆ, ನಾಲ್ಕೂ ಕಡೆ ಕಿಟಕಿ ಇವೆ, ದಿನಾ ಫೋನು ಮಾಡುತ್ತೇನೆ ಎಂದಳು.

ಅತ್ತೆ ಆಶೀರ್ವಾದ ಮಾಡಿ ಫೋನು ಇಟ್ಟರು. ಆಮೇಲೆ ನನ್ನನ್ನು ನೋಡಿ, "ಅಷ್ಟು ದೂರದ ಮಳಿ ತಗೊಂಡು ನಾ ಏನ್ ಮಾಡ್ಲಿ?" ಎಂದರು.